ಎಂಟೇ ಗಂಟು

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಗಂಟಣ್ಣ ಎಂದೇ ಕರೆಯುತ್ತಿದ್ದರು. ಅವನ ಕೆಲಸವೇ ಹಾಗಿತ್ತು. ಮೇಲಿನ ಮಹಡಿಯಲ್ಲಿ ಸರ್ಜನ್ ಯಾರದಾದರೂ ಸ್ತನದ ಗಡ್ಡೆ ತೆಗೆದರೆ, ಜೊತೆಗೆ ಆ ಬದಿಯ ಕಂಕುಳಿನ ಕೊಬ್ಬನ್ನೂ ಒಂದು ಮುಷ್ಟಿಯಷ್ಟು ತೆಗೆದು, ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಹಾಕಿ ಕೆಳಗೆ ಕಳಿಸುತ್ತಿದ್ದರು. ಆ ಹಳದಿ ಕೊಬ್ಬಿನೊಳಗೆ ಅಡಗಿ ಕೂತ ದುಗ್ಧರಸ ಗ್ರಂಥಿಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವುದು ಅವನ ಪಾಲಿನ ಕೆಲಸ. ಲ್ಯಾಬಿನವರ ಬಾಯಲ್ಲಿ ಅವು ಬರೀ 'ಗಂಟು'. ಕೆಲವು ಬಟಾಣಿಯಷ್ಟಿರುತ್ತವೆ, ಕೆಲವು ಸಾಸಿವೆಗಿಂತ ಒಂಚೂರು ದಪ್ಪ. ಕಣ್ಣಿಗೆ ಕಾಣುವುದು ಕಡಿಮೆ, ಬೆರಳಿಗೆ ಸಿಗುವುದೇ ಹೆಚ್ಚು. ಕೊಬ್ಬನ್ನು ತೆಳ್ಳಗೆ ಸೀಳಿ, ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ನಿಧಾನವಾಗಿ ಹಿಸುಕುತ್ತ ಹೋದರೆ ಕೊಬ್ಬು ಜಾರಿಹೋಗುತ್ತದೆ, ಗಂಟು ಉಳಿಯುತ್ತದೆ. ಹದಿನೇಳು ವರ್ಷದಿಂದ ಅವನು ಇದನ್ನೇ ಮಾಡುತ್ತಿದ್ದ. ಬೇರೆಯವರು ಏಳು ಹುಡುಕಿದ ಕಡೆ ಅವನ ಕೈಗೆ ಹದಿಮೂರು ಸಿಕ್ಕ ಉದಾಹರಣೆಗಳು ಬೇಕಾದಷ್ಟಿದ್ದವು.

ಹೀಗೆ ಹೆಸರು ಮಾಡಿದವನೇ ಒಂದು ಗುರುವಾರ ಮಧ್ಯಾಹ್ನ ತಪ್ಪು ಮಾಡಿದ.

ಅವತ್ತು ನಾಲ್ಕು ಗಂಟೆಗೆ ಸಿಬ್ಬಂದಿಯ ಟೇಬಲ್ ಟೆನಿಸ್ ಫೈನಲ್. ಒಂದು ಕಡೆ ಲ್ಯಾಬಿನವರು, ಇನ್ನೊಂದು ಕಡೆ ಎಕ್ಸ್‌ರೇಯವರು. ಆರು ವರ್ಷದಿಂದ ಎಕ್ಸ್‌ರೇಯವರೇ ಗೆದ್ದು ಮೆರೆಯುತ್ತಿದ್ದರು. ಮೂರೂಕಾಲಿಗೆ ಕೊನೆಯ ಡಬ್ಬಿ ಬಂತು. ಚೀಟಿಯಲ್ಲಿ ನಂಬರು, ವಯಸ್ಸು ನಲವತ್ನಾಲ್ಕು, ಹೆಣ್ಣು, ಬಲಗಡೆ. ಗಂಟಣ್ಣ ಕೊಬ್ಬನ್ನು ಹಲಗೆಯ ಮೇಲೆ ಹರಡಿ ಸೀಳತೊಡಗಿದ. ಅರ್ಧ ಗಂಟೆಯಲ್ಲಿ ಎಂಟು ಸಿಕ್ಕವು. ಎಲ್ಲವೂ ಮೆತ್ತಗಿದ್ದವು, ನಯವಾಗಿದ್ದವು, ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಹಲಗೆಯ ಮೂಲೆಯಲ್ಲಿ ಇನ್ನೂ ಮೂರು ಬೆರಳಗಲದ ಕೊಬ್ಬು ಮುಟ್ಟದೆ ಉಳಿದಿತ್ತು. ಬಾಗಿಲಲ್ಲಿ ಯಾರೋ ಬ್ಯಾಟು ತಟ್ಟುತ್ತ, "ಗಂಟಣ್ಣ, ಬರ್ತೀಯೋ ಇಲ್ಲ ವಾಕ್‌ಓವರ್ ಕೊಡೋಣ್ವೋ?" ಎಂದರು.

ಅವನು ಉಳಿದ ಕೊಬ್ಬನ್ನು ಹಾಗೇ ಬಾಚಿ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದ. ಎಂಟು ಗಂಟುಗಳನ್ನು ಕ್ಯಾಸೆಟ್ಟು ಎನ್ನುವ ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿಟ್ಟು, ಸ್ಲೈಡಿಗೆ ಹದಗೊಳಿಸುವ ಯಂತ್ರಕ್ಕೆ ಕೊಟ್ಟ. ಆ ಸಂಜೆ ಅವನು ಗೆದ್ದ.

ಸೋಮವಾರ ಸ್ಲೈಡುಗಳು ತಯಾರಾದವು. ಲ್ಯಾಬಿನ ಹಿರಿಯ ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಕೇಳಿದರು.

"ಎಂಟೇನಾ? ಕಮ್ಮಿ ಆಯ್ತಲ್ಲ. ಹತ್ತಾದ್ರೂ ಇರ್ಬೇಕಿತ್ತು. ಪೂರ್ತಿ ನೋಡಿದ್ರಾ?"

"ನೋಡಿದೆ ಮೇಡಂ. ಅಷ್ಟೇ ಇರೋದು."

ಮಾತು ಸಲೀಸಾಗಿ ಬಂತು. ಹದಿನೇಳು ವರ್ಷ ದುಡಿದು ಸಂಪಾದಿಸಿದ ನಂಬಿಕೆ ಅದರ ಹಿಂದೆ ನಿಂತಿತ್ತು. ಡಾಕ್ಟರಮ್ಮ ತಲೆಯಾಡಿಸಿ ವರದಿ ಬರೆದರು: ಎಂಟು ಗ್ರಂಥಿ, ಎಂಟರಲ್ಲೂ ಕ್ಯಾನ್ಸರ್ ಇಲ್ಲ. ವರದಿ ಮೇಲಿನ ಮಹಡಿಗೆ ಹೋಯಿತು. ಡಬ್ಬಿ ಹಿಂದಿನ ಕೋಣೆಯ ಕಪಾಟು ಸೇರಿತು. ಹಳೆಯ ಡಬ್ಬಿಗಳನ್ನು ಒಂದು ತಿಂಗಳು ಇಟ್ಟು ಆಮೇಲೆ ವಿಲೇವಾರಿ ಮಾಡುವುದು ಅಲ್ಲಿನ ಪದ್ಧತಿ.

ಮೊದಲ ವಾರ ಗಂಟಣ್ಣನಿಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸುತ್ತಿತ್ತು, ಆದರೆ ಅವನು ಅದನ್ನು ಬೆಳೆಯಲು ಬಿಡಲಿಲ್ಲ. ಎಂಟೂ ಸ್ವಚ್ಛ ಇದ್ದ ಮೇಲೆ ಉಳಿದದ್ದೂ ಸ್ವಚ್ಛವೇ ಇರುತ್ತದೆ ಎಂದುಕೊಂಡ. ಆದರೂ ಕಪಾಟಿನ ಮುಂದೆ ಹಾದುಹೋಗುವಾಗ ಆ ಸಾಲಿನ ಕಡೆ ಕಣ್ಣು ಹಾಯಿಸದಂತೆ ಎಚ್ಚರ ವಹಿಸುತ್ತಿದ್ದ. ಒಮ್ಮೆ ಊಟದ ಹೊತ್ತಿನಲ್ಲಿ ಯಾರೋ ಬೇರೆ ಯಾವುದೋ ಲ್ಯಾಬಿನ ತಪ್ಪು ವರದಿಯ ಸುದ್ದಿ ತೆಗೆದಾಗ, ಅವನು ಕಾರಣವಿಲ್ಲದೆ, "ಎಷ್ಟೋ ಸಲ ಸರ್ಜನ್ನೇ ಸರಿಯಾಗಿ ತೆಗ್ದಿರಲ್ಲ ಬಿಡ್ರೋ," ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು ಆಮೇಲೆ ಅವನಿಗೇ ನಾಚಿಕೆಯಾಯಿತು.

ಮೂರನೆಯ ಭಾನುವಾರ ಮನೆಯಲ್ಲಿ ಟೊಮೆಟೊ ಡಬ್ಬಿ ತೆರೆಯುವಾಗ ತಗಡಿನ ಅಂಚು ತಗುಲಿ ಅವನ ಬಲಗೈ ತೋರುಬೆರಳು ಸೀಳಿತು. ನಲ್ಲಿ ನೀರಿಗೆ ಹಿಡಿದು, ಒಂದು ಪಟ್ಟಿ ಅಂಟಿಸಿ ಸುಮ್ಮನಾದ. ಮಂಗಳವಾರ ಬೆಳಿಗ್ಗೆ ಬೆರಳು ಮೂಲಂಗಿಯ ಹಾಗೆ ದಪ್ಪಗಾಗಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ, ಕೆಂಪು ಶಾಯಿಯಲ್ಲಿ ಎಳೆದಂತೆ, ಒಂದು ಗೆರೆ ಏರಿತ್ತು. ಬೀದಿಯ ತುದಿಯ ಕ್ಲಿನಿಕ್ಕಿನ ಡಾಕ್ಟರು ಗೆರೆ ನೋಡಿದವರೇ ಇಂಜೆಕ್ಷನ್ ಚುಚ್ಚಿ, ಮಾತ್ರೆ ಬರೆದು, "ಇನ್ನೊಂದು ದಿನ ತಡ ಮಾಡಿದ್ರೆ ಅಡ್ಮಿಟ್ ಆಗ್ಬೇಕಿತ್ತು. ಲ್ಯಾಬಿನವರಾಗಿ ಇಷ್ಟು ಗೊತ್ತಾಗಲ್ವಾ?" ಎಂದು ಗದರಿಸಿ ಕಳಿಸಿದರು.

ಅವನ ಹೆಂಡತಿ ಬೇಕರಿಯಲ್ಲಿ ಕೇಕುಗಳ ಮೇಲೆ ಹೆಸರು ಬರೆಯುವವಳು. ಮಧ್ಯಾಹ್ನ ಬೇಗ ಮನೆಗೆ ಬಂದು, ಅವನನ್ನು ಕಿಟಕಿಯ ಪಕ್ಕ ಕೂರಿಸಿ, ಕೈಯನ್ನು ದಿಂಬಿನ ಮೇಲೆ ಇಡಿಸಿದಳು. ಕಂಕುಳು ನೋಯುತ್ತಿದೆ ಎಂದಾಗ ಮುಟ್ಟಿ ನೋಡಿ ಬೆಚ್ಚಿದಳು.

"ಅಯ್ಯೋ, ಇಲ್ಲೇನೋ ಗಂಟಿದೆ ಕಣ್ರಿ! ಗೋಲಿ ಥರ."

"ಇರ್ಲಿ ಬಿಡೇ. ಅದು ಅದರ ಕೆಲಸ ಮಾಡ್ತಿದೆ."

"ಗಾಯ ಬೆರಳಲ್ಲಿ, ಗಂಟು ಕಂಕುಳಲ್ಲಿ. ಏನ್ ಕೆಲಸ ಅದು?"

ಹದಿನೇಳು ವರ್ಷದಲ್ಲಿ ಅವಳು ಅವನ ಕೆಲಸದ ಬಗ್ಗೆ ಇಷ್ಟು ನೇರವಾಗಿ ಕೇಳಿದ್ದು ಅದೇ ಮೊದಲು. ಊಟದ ಹೊತ್ತಿಗೆ ಆ ಮಾತು ಬೇಡ ಎಂಬುದು ಮನೆಯ ನಿಯಮವಾಗಿತ್ತು.

"ನೋಡು, ರಕ್ತನಾಳದಿಂದ ಯಾವಾಗ್ಲೂ ನೀರು ಸೋರ್ತಾ ಇರುತ್ತೆ. ಮೈಯ ಮೂಲೆಮೂಲೆಗೂ ಊಟ ಮುಟ್ಟಬೇಕಲ್ಲ, ಅದಕ್ಕೆ. ಸೋರಿದ್ದೆಲ್ಲ ವಾಪಸ್ ಹೋಗಲ್ಲ. ದಿನಕ್ಕೆ ಎರಡು ಮೂರು ಲೀಟರು ಅಲ್ಲೇ ಉಳಿದುಬಿಡುತ್ತೆ. ಅದನ್ನ ಬಳಿದು ತರೋಕೆ ಬೇರೆ ಕೊಳವೆಗಳಿವೆ, ಕೂದಲೆಳೆಯಷ್ಟು ಸಣ್ಣವು. ಅದರಲ್ಲಿ ಹರಿಯೋದೇ ದುಗ್ಧರಸ."

"ಅದನ್ನೂ ಹೃದಯನೇ ತಳ್ಳುತ್ತಾ?"

"ಇಲ್ಲ. ಅದಕ್ಕೆ ಪಂಪ್ ಅನ್ನೋದೇ ಇಲ್ಲ. ನೀನು ನಡೆದ್ರೆ, ಕೈ ಆಡಿಸಿದ್ರೆ ಮಾಂಸಖಂಡ ಅದನ್ನ ಹಿಂಡುತ್ತೆ. ಉಸಿರೆಳೆದಾಗ ಮೇಲಕ್ಕೆ ಹೋಗುತ್ತೆ. ಕೊಳವೆಗಳೂ ತಾವೇ ಅಷ್ಟಿಷ್ಟು ಹಿಂಡ್ಕೊಳ್ತವೆ. ಹಿಂದಕ್ಕೆ ಬರದ ಹಾಗೆ ಒಳಗೆ ಕವಾಟ ಇದೆ. ಕೊನೆಗೆ ಕತ್ತಿನ ಬುಡದಲ್ಲಿ ಮತ್ತೆ ರಕ್ತಕ್ಕೇ ಸೇರ್ಕೊಳ್ಳುತ್ತೆ."

"ಮತ್ತೆ ಈ ಗಂಟು?"

"ದಾರಿಯಲ್ಲಿ ಸಿಗೋ ಠಾಣೆ. ಕಂಕುಳಲ್ಲಿ, ಕತ್ತಲ್ಲಿ, ತೊಡೆಸಂದಿಯಲ್ಲಿ, ಹೊಟ್ಟೆಯೊಳಗೆ, ಎಲ್ಲ ಸೇರಿ ಐನೂರು ಆರುನೂರು ಇರ್ತವೆ. ಬಂದ ರಸ ಅದರೊಳಗೆ ಸೋಸಿಯೇ ಮುಂದೆ ಹೋಗ್ಬೇಕು. ಅಲ್ಲಿ ಬಿಳಿ ರಕ್ತಕಣಗಳು ಕಾಯ್ಕೊಂಡು ಕೂತಿರ್ತವೆ. ಕ್ರಿಮಿ ಬಂತು ಅಂದ್ಕೋ, ಅದರ ಗುರುತು ಸಿಗೋ ಕಣ ಯಾವುದೋ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ, ಸಾವಿರಗಟ್ಟಲೆ ಆಗುತ್ತೆ. ಕೆಲವು ಹೋಗಿ ಹೊಡೆದಾಡ್ತವೆ, ಕೆಲವು ಆ ಕ್ರಿಮಿಗೆ ಅಂಟ್ಕೊಳ್ಳೋ ಮದ್ದು ತಯಾರು ಮಾಡ್ತವೆ. ಇಷ್ಟೆಲ್ಲ ಜನ ಒಂದು ಕೋಣೇಲಿ ಸೇರಿದ್ರೆ ಊದದೆ ಇರುತ್ತಾ? ಆ ಕೆಂಪು ಗೆರೆ ಇದ್ಯಲ್ಲ, ಕ್ರಿಮಿ ಹತ್ತಿ ಬಂದ ಕೊಳವೆ ಅದು. ಇಲ್ಲಿ ತಡೆದು ನಿಲ್ಲಿಸಿದೆ."

"ಗೊತ್ತಾಯ್ತು. ನಮ್ಮತ್ತೆ ಥರ. ಬಾಗಿಲಲ್ಲೇ ಕೂತು ಬಂದವರನ್ನೆಲ್ಲ ವಿಚಾರಿಸ್ಕೊಳ್ಳೋದು."

ಅವನು ನಕ್ಕ. ಅವಳು ನಗುತ್ತಲೇ ಮುಂದಿನ ಪ್ರಶ್ನೆ ಕೇಳಿದಳು. "ಅಷ್ಟು ಒಳ್ಳೇದನ್ನ ಕಿತ್ತು ನಿಮ್ಮ ಹತ್ರ ಯಾಕೆ ಕಳಿಸ್ತಾರೆ?"

"ಕ್ಯಾನ್ಸರ್ ಕಣಾನೂ ಅದೇ ದಾರಿ ಹಿಡಿಯುತ್ತೆ. ಗಡ್ಡೆಯಿಂದ ತಪ್ಪಿಸ್ಕೊಂಡದ್ದು ಮೊದಲು ಸಿಕ್ಕಿಹಾಕ್ಕೊಳ್ಳೋದು ಕಂಕುಳ ಗಂಟಲ್ಲೇ. ಅದರಲ್ಲಿ ಇದೆಯೋ ಇಲ್ವೋ ನೋಡಿ ಮುಂದಿನ ಔಷಧಿ. ಇದ್ರೆ ದೊಡ್ಡ ಚಿಕಿತ್ಸೆ, ಇಲ್ದಿದ್ರೆ ಮಾತ್ರೆ."

"ಹುಡುಕೋವಾಗ ಒಂದು ತಪ್ಪಿಹೋದ್ರೆ?"

ಅವಳು ಸುಮ್ಮನೆ ಕೇಳಿದ ಮಾತು. ಕೇಳುತ್ತಲೇ ಎದ್ದು ನೀರು ತರಲು ಹೋಗಿದ್ದಳು. ಗಂಟಣ್ಣನ ಎಡಗೈ ತಾನಾಗಿ ಬಲಗಂಕುಳಿಗೆ ಹೋಗಿತ್ತು. ಬೆರಳ ಕೆಳಗೆ ತನ್ನದೇ ಗಂಟು ಜಾರುತ್ತಿತ್ತು, ಹಲಗೆಯ ಮೇಲೆ ಸಿಗುವಂತೆಯೇ ದುಂಡಗೆ. ಆ ಮೂರು ಬೆರಳಗಲದ ಕೊಬ್ಬು ಕಣ್ಣಿಗೆ ಕಟ್ಟಿತು. ಅದು ಕೊಬ್ಬಲ್ಲ, ಒಬ್ಬ ಹೆಂಗಸಿನ ಕಂಕುಳು ಎಂದು ಅವನಿಗೆ ಹೊಳೆದದ್ದು ಆಗ. ಹದಿನೇಳು ವರ್ಷ ಗೊತ್ತಿದ್ದೂ ಗೊತ್ತಿರದ ಸಂಗತಿ ಅದು.

ಹೆಂಡತಿ ನೀರು ತಂದಾಗ ಅವನು ಎಲ್ಲವನ್ನೂ ಹೇಳಿದ. ಅವಳು ಲೋಟ ಕೊಡುವುದನ್ನೂ ಮರೆತು ನಿಂತಳು.

"ಆಟಕ್ಕೋಸ್ಕರಾನಾ?" ಎಂದಳು.

"ಹ್ಞೂಂ."

"ಅವತ್ತು ನಾನು ಕೇಕ್ ತಂದಿದ್ದೆ. ಚಾಂಪಿಯನ್ ಅಂತ ಬರ್ಕೊಂಡು." ಲೋಟ ಅವನ ಕೈಗಿಟ್ಟು, "ಆ ಡಬ್ಬಿ ಇದ್ಯಾ ಇನ್ನೂ?" ಎಂದಳು.

"ಮುಂದಿನ ವಾರ ಎಸೀತಾರೆ."

"ಹಾಗಾದ್ರೆ ನನ್ನ ಮುಖ ಏನ್ ನೋಡ್ತೀರಾ?"

ಬುಧವಾರ ಬೆಳಿಗ್ಗೆ, ಬ್ಯಾಂಡೇಜಿನ ಮೇಲೆ ಎರಡು ಗ್ಲೌಸು ಏರಿಸಿ, ಗಂಟಣ್ಣ ಕಪಾಟಿನಿಂದ ಡಬ್ಬಿ ಇಳಿಸಿದ. ಯಾರಿಗೂ ಹೇಳಲಿಲ್ಲ. ಏನೂ ಸಿಗದಿದ್ದರೆ ಮಾತು ಇಲ್ಲಿಗೇ ಮುಗಿಯಿತು ಎಂಬ ಆಸೆ ಅವನಿಗಿತ್ತು. ಬಲದ ತೋರುಬೆರಳು ಬಾಗದ್ದರಿಂದ ಎಡಗೈಯಲ್ಲಿ ಹುಡುಕಿದ, ಮಗು ಅಕ್ಷರ ತಿದ್ದುವಷ್ಟು ನಿಧಾನವಾಗಿ. ಮೊದಲು ಎರಡು ಸಿಕ್ಕವು, ಮೆತ್ತಗಿದ್ದವು. ಉಸಿರು ಬಿಟ್ಟ. ಆಮೇಲೆ ಒಂದು ಸಿಕ್ಕಿತು. ಅದು ಬೆರಳಿನ ಕೆಳಗೆ ಜಾರಲಿಲ್ಲ. ಅಕ್ಕಿಯಲ್ಲಿ ಸಿಕ್ಕ ಕಲ್ಲಿನ ಹಾಗೆ ಗಟ್ಟಿ. ಕತ್ತರಿಸಿದಾಗ ಒಳಗೆ ಬೂದು ಬಿಳುಪು. ಸೂಕ್ಷ್ಮದರ್ಶಕ ಬೇಕಿರಲಿಲ್ಲ, ಇಷ್ಟು ವರ್ಷದ ಕಣ್ಣಿಗೆ ಅದು ಏನೆಂದು ಗೊತ್ತಿತ್ತು. ಒಟ್ಟು ಐದು ಸಿಕ್ಕವು. ಅವುಗಳಲ್ಲಿ ಎರಡು ಗಟ್ಟಿ.

ಅವನು ಐದನ್ನೂ ಡಾಕ್ಟರಮ್ಮನ ಮುಂದಿಟ್ಟು, "ಮತ್ತೊಂದ್ಸಲ ನೋಡ್ದೆ ಮೇಡಂ, ಇನ್ನೂ ಇದ್ದವು," ಎಂದಷ್ಟೇ ಹೇಳಿದ.

"ಕೈ ಬಾತಿದ್ರೂ ಬಂದು ನೋಡಿದ್ರಾ?" ಡಾಕ್ಟರಮ್ಮನ ಮುಖ ಅರಳಿತು. "ಅದಕ್ಕೇ ರೀ ನಿಮ್ಮನ್ನ ಗಂಟಣ್ಣ ಅನ್ನೋದು. ಬೇರೆ ಯಾರಾದ್ರೂ ಆಗಿದ್ರೆ ತಮ್ಮ ಗಂಟೇನು ಹೋಯ್ತು ಅಂತ ಸುಮ್ನಿರ್ತಿದ್ರು."

ಅವನು ಬಾಯಿ ತೆರೆದ. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ತೆರೆದ ಬಾಯಿ ಮುಚ್ಚಿಕೊಂಡಿತು. ಆ ದಿನ, ಮಾರನೆಯ ದಿನ, ಅವನು ಸುಮ್ಮನಿದ್ದ. ಮೊದಲನೆಯದು ಅವಸರದಲ್ಲಿ ಹೇಳಿದ ಸುಳ್ಳು. ಈ ಎರಡು ದಿನದ ಮೌನ ಹಾಗಲ್ಲ, ಅದನ್ನು ಅವನು ಅರಿತೇ ಇಟ್ಟುಕೊಂಡಿದ್ದ. ಮುಂದೆಷ್ಟೋ ವರ್ಷ ಅವನನ್ನು ಹೆಚ್ಚು ಕಾಡಿದ್ದು ಈ ಎರಡು ದಿನವೇ.

ಶುಕ್ರವಾರ ಡಾಕ್ಟರಮ್ಮ ಅವನನ್ನು ಒಳಗೆ ಕರೆದರು. ಎರಡು ಗಂಟುಗಳಲ್ಲಿ ಕ್ಯಾನ್ಸರ್ ಇತ್ತು. "ಸರ್ಜನ್‌ಗೆ ಫೋನ್ ಮಾಡ್ದೆ. ಪೇಷಂಟ್‌ಗೆ ಎಲ್ಲ ಸರಿಯಾಗಿದೆ ಅಂತ ಹೇಳಿ ಮಾತ್ರೆ ಮೇಲೆ ಕಳಿಸಿಬಿಟ್ಟಿದ್ರಂತೆ. ಈಗ ವಾಪಸ್ ಕರೆಸ್ತಿದಾರೆ. ನೀವು ಮತ್ತೆ ನೋಡ್ದೆ ಇದ್ದಿದ್ರೆ..."

"ಮೇಡಂ, ಅವತ್ತು ನೀವು ಕೇಳ್ದಾಗ ನಾನು ಸುಳ್ಳು ಹೇಳ್ದೆ. ಪೂರ್ತಿ ನೋಡಿರ್ಲಿಲ್ಲ. ಮೂರು ಬೆರಳಗಲ ಹಾಗೇ ಬಿಟ್ಟಿದ್ದೆ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾಕೆ?"

"ಫೈನಲ್ ಇತ್ತು. ಟೇಬಲ್ ಟೆನಿಸ್."

"ಗೆದ್ರಾ?"

"ಗೆದ್ದೆ."

ಅವರು ಹಳೆಯ ವರದಿಯನ್ನು ಮುಂದೆ ಎಳೆದುಕೊಂಡರು. ಆಮೇಲೆ, "ಎಂಟು ಕಮ್ಮಿ ಅಂತ ನನಗೂ ಅನ್ಸಿತ್ತು. ಡಬ್ಬಿ ತರಿಸಿ ನೋಡಬೋದಿತ್ತು. ನಿಮ್ಮ ಮಾತು ಕೇಳಿ ಸಹಿ ಹಾಕ್ದೆ. ಸಹಿ ನನ್ನದು," ಎಂದರು. "ಆದ್ರೆ ಇದನ್ನ ಬರೆದು ಕೊಡಿ. ಒಂದು ಮಾತೂ ಬಿಡ್ಬೇಡಿ. ಆಟದ್ದೂ ಬರೀರಿ."

ಬಾತ ಬೆರಳಿನಲ್ಲಿ ಪೆನ್ನು ಹಿಡಿದು ಬರೆದುಕೊಟ್ಟ. ಆರು ತಿಂಗಳು ಅವನನ್ನು ಹುಡುಕುವ ಮೇಜಿನಿಂದ ತೆಗೆದು, ಸ್ಲೈಡುಗಳಿಗೆ ಬಣ್ಣ ಹಾಕುವ ಕಡೆ ಕೂರಿಸಿದರು. ಹತ್ತಕ್ಕಿಂತ ಕಡಿಮೆ ಸಿಕ್ಕರೆ ಇಬ್ಬರು ನೋಡಬೇಕೆಂಬ ನಿಯಮ ಬಂತು. ಗಂಟಣ್ಣ ಎಂಬ ಹೆಸರಿನಿಂದ ಮಾತ್ರ ಯಾರೂ ಅವನನ್ನು ಬಿಡಿಸಲಿಲ್ಲ. ಕರೆದಾಗಲೆಲ್ಲ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ಸರ್ಜನ್ ರೋಗಿಗೆ ನಡೆದದ್ದನ್ನು ಮುಚ್ಚಿಡಲಿಲ್ಲ. ಮರುವಾರ ಆಕೆ ತಾನೇ ನೆಲಮಾಳಿಗೆಗೆ ಇಳಿದು ಬಂದಳು. ಗಟ್ಟಿ ಮೈಕಟ್ಟು, ಕತ್ತಲ್ಲಿ ಸೀಟಿ ನೇತುಹಾಕಿಕೊಂಡಿದ್ದಳು. ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳಂತೆ. ಬಾಗಿಲಲ್ಲಿ ನಿಂತು, "ನನ್ನದನ್ನ ಹುಡುಕಿದವರು ಯಾರು?" ಎಂದಳು.

ಗಂಟಣ್ಣ ಎದ್ದು ನಿಂತ. "ನಾನೇ ಅಕ್ಕ." ವಯಸ್ಸಿನಲ್ಲಿ ಅವಳು ಅವನಿಗಿಂತ ಚಿಕ್ಕವಳಿದ್ದಿರಬೇಕು. ಆದರೂ ಅವನ ಬಾಯಿಂದ ಬಂದದ್ದು ಹಾಗೆ.

"ಮೊದಲನೇ ಸಲಾನೂ ನೀವೇ, ಎರಡನೇ ಸಲಾನೂ ನೀವೇ ಅಲ್ವಾ?"

"ಹೌದು."

"ಹಾಗಾದ್ರೆ ನಾನೀಗ ಏನ್ ಮಾಡ್ಲಿ? ಎರಡನೇದಕ್ಕೆ ಕೈ ಮುಗೀಲೋ, ಮೊದಲನೇದಕ್ಕೆ ಉಗೀಲೋ?"

ಅವನು ತಲೆ ತಗ್ಗಿಸಿದ. "ಉಗೀರಿ," ಎಂದ.

ಅವಳು ಉಗಿಯಲಿಲ್ಲ. ಖಾಲಿ ಸ್ಟೂಲ್ ಎಳೆದು ಕೂತಳು. "ನನ್ನ ಹತ್ರ ಕಲಿಯೋಕೆ ಬರ್ತಾರಲ್ಲ, ಕನ್ನಡಿ ನೋಡಿದ್ರಾ ಅಂತ ಕೇಳಿದ್ರೆ ಸಾಕು, ನೋಡ್ದೆ ನೋಡ್ದೆ ಅಂತಾರೆ. ಕತ್ತೇ ತಿರುಗಿರಲ್ಲ. ನೋಡ್ಲಿಲ್ಲ ಅಂದೋರನ್ನ ತಿದ್ದಬೋದು. ನೋಡ್ದೆ ಅನ್ನೋರಿಂದಲೇ ಆಕ್ಸಿಡೆಂಟ್ ಆಗೋದು." ಅವಳು ಕತ್ತಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದಳು. "ಎಲ್ಲ ಸರಿಯಿದೆ ಅಂದ ದಿನ ನಮ್ಮಮ್ಮ ಮೂರು ತಿಂಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದ್ರು. ಈಗ ಅವರಿಗೆ ಹೋಗಿ ಏನಂತ ಹೇಳ್ಲಿ? ನೀವು ಹೇಳಿ ನೋಡೋಣ."

ಅವಳು ಕಾದಳು, ಎದ್ದಳು, ಹೋದಳು.

ಅವಳಿಗೆ ಡ್ರಿಪ್ ಮೂಲಕ ಔಷಧಿ ಶುರುವಾಯಿತು, ಆಮೇಲೆ ಕಂಕುಳಿಗೆ ಕಿರಣ ಚಿಕಿತ್ಸೆ. ಮೂರು ವಾರ ತಡವಾದದ್ದರಿಂದ ಬಹುಶಃ ಏನೂ ವ್ಯತ್ಯಾಸವಾಗಲಾರದು ಎಂದು ಡಾಕ್ಟರಮ್ಮ ಹೇಳಿದರು. ಗಂಟಣ್ಣ ಆ ಮಾತನ್ನು ತಲೆಯಾಡಿಸಿ ಕೇಳಿದ. ತನ್ನ ಬೆರಳು ಸೀಳದೆ ಹೋಗಿದ್ದರೆ, ಹೆಂಡತಿ ಆ ಪ್ರಶ್ನೆ ಕೇಳದೆ ಹೋಗಿದ್ದರೆ ಡಬ್ಬಿಯೇ ಕಸಕ್ಕೆ ಹೋಗಿ, ಆ ತಡ ಮೂರು ವಾರಕ್ಕೆ ನಿಲ್ಲುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಟೊಮೆಟೊ ಡಬ್ಬಿಯ ತಗಡಿಗೆ ಇದ್ದಷ್ಟು ಪುಣ್ಯ ತನಗಿಲ್ಲ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡ. ಅವಳು ಸಮಾಧಾನ ಹೇಳಲಿಲ್ಲ. "ಅದನ್ನ ಹೊತ್ಕೊಂಡೇ ಕೆಲ್ಸ ಮಾಡಿ," ಎಂದಳು.

ಹತ್ತು ತಿಂಗಳ ಮೇಲೆ, ಮತ್ತೆ ಹುಡುಕುವ ಮೇಜಿಗೆ ಮರಳಿದ್ದ ಗಂಟಣ್ಣ ಒಂದು ಬೆಳಿಗ್ಗೆ ಸ್ಲೈಡುಗಳ ಪೆಟ್ಟಿಗೆ ಹಿಡಿದು ಫಿಸಿಯೋಥೆರಪಿಯ ಹಜಾರ ದಾಟುತ್ತಿದ್ದ. ಬೆಂಚಿನ ಮೇಲೆ ಅವಳು ಒಬ್ಬಳೇ ಕೂತಿದ್ದಳು. ಬೋಳಾಗಿದ್ದ ತಲೆಯಲ್ಲಿ ಒಂದಿಂಚು ಕೂದಲು ಬಂದಿತ್ತು. ಬಲಗೈ ಎಡಗೈಯ ಒಂದೂವರೆಯಷ್ಟು ದಪ್ಪ. ತೊಡೆಯ ಮೇಲೆ ಬಿಚ್ಚಿಹೋದ ಬ್ಯಾಂಡೇಜು ಸುರುಳಿಸುರುಳಿಯಾಗಿ ಬಿದ್ದಿತ್ತು. ಅವನು ತಪ್ಪಿಸಿಕೊಂಡು ಹೋಗಬಹುದಿತ್ತು. ನಿಂತ.

"ಸ್ಕ್ಯಾನ್ ಚೆನ್ನಾಗಿದೆಯಂತೆ," ಅವಳೇ ಹೇಳಿದಳು, ಅವನತ್ತ ನೋಡದೆ. "ಆದ್ರೆ ಇದು ನೋಡಿ. ಸ್ಟೇರಿಂಗ್ ಹಿಡಿಯೋ ಕೈ. ಯಾಕೆ ಊದ್ಕೊಂಡಿದೆ ಅಂತ ಕೇಳಿದ್ರೆ ಎಲ್ರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಾರೆ. ನೀವಾದ್ರೂ ಹೇಳಿ. ಸುಳ್ಳು ಬೇಡ."

ಅವನು ಪೆಟ್ಟಿಗೆ ಕೆಳಗಿಟ್ಟು ಹೇಳಿದ. ಕೈಯಿಂದ ರಸ ಮೇಲೆ ಹೋಗಬೇಕಾದ ದಾರಿ ಕಂಕುಳಲ್ಲೇ ಇತ್ತು, ಅಲ್ಲಿನ ಗಂಟುಗಳನ್ನು ತೆಗೆದಿದ್ದಾರೆ, ಉಳಿದ ಸಣ್ಣ ಕೊಳವೆಗಳು ಕಿರಣ ಚಿಕಿತ್ಸೆಯಿಂದ ಗಟ್ಟಿಯಾಗಿವೆ, ಹಾಗಾಗಿ ರಸ ಕೈಯಲ್ಲೇ ನಿಲ್ಲುತ್ತದೆ, ಕಾವಲು ಕಮ್ಮಿಯಾದ್ದರಿಂದ ಆ ಕೈಗೆ ಸಣ್ಣ ಗಾಯವೂ ಆಗದಂತೆ ನೋಡಿಕೊಳ್ಳಬೇಕು ಎಂದ. ಬ್ಯಾಂಡೇಜು, ವ್ಯಾಯಾಮ, ಮೆಲ್ಲಗೆ ನೀವುವುದು ಎಲ್ಲವೂ ಉಳಿದ ಸಣ್ಣಪುಟ್ಟ ದಾರಿಗಳಿಗೆ ರಸವನ್ನು ತಿರುಗಿಸಲು ಎಂದ.

"ಪೂರ್ತಿ ಇಳಿಯುತ್ತಾ?"

"ಕಮ್ಮಿ ಆಗುತ್ತೆ. ಪೂರ್ತಿ ಇಳಿಯುತ್ತೆ ಅಂತ ಹೇಳಕ್ಕಾಗಲ್ಲ."

"ಆ ಮೊದಲನೇ ಸಲಾನೇ ಸಿಕ್ಕಿದ್ರೂ ಹೀಗೇ ಆಗ್ತಿತ್ತಾ?"

"ಆಗ್ತಿತ್ತೇನೋ. ಚಿಕಿತ್ಸೆ ಇದೇ ಇರ್ತಿತ್ತು. ಆದ್ರೆ ಅದನ್ನ ಹೇಳ್ಕೊಂಡು ನಾನು ತಪ್ಪಿಸ್ಕೊಳ್ಳಲ್ಲ."

ಅವಳು ಆಗ ಅವನ ಮುಖ ನೋಡಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ.

"ಬ್ಯಾಂಡೇಜ್ ಕಟ್ಟೋ ಹುಡುಗಿ ಬರೋದು ಇನ್ನೂ ಒಂದು ಗಂಟೆ ಆಗುತ್ತಂತೆ. ನನಗೆ ಒಂದು ಕೈಯಲ್ಲಿ ಆಗ್ತಿಲ್ಲ. ಹೇಳಿದ ಹಾಗೆ ಸುತ್ತುತೀರಾ?"

ಅವನು ಕೈ ತೊಳೆದು ಬಂದು ನೆಲದ ಮೇಲೆ ಮಂಡಿಯೂರಿ ಕೂತ. ಅವಳು ಬೆರಳುಗಳನ್ನು ಅಗಲಿಸಿ ಮುಂದೆ ಚಾಚಿದಳು. "ಬೆರಳಿಂದ ಶುರು ಮಾಡಿ. ಕೆಳಗೆ ಬಿಗಿ, ಮೇಲೆ ಹೋದ ಹಾಗೆ ಸಡಿಲ. ಸುಕ್ಕು ಬರಬಾರ್ದು. ನಿಧಾನ, ಯಾರೂ ಹಾರ್ನ್ ಹೊಡೀತಿಲ್ಲ." ಅವನು ಒಂದೊಂದೇ ಸುತ್ತು ಹಾಕುತ್ತ ಮೊಣಕೈವರೆಗೆ ಬಂದ. ಚರ್ಮ ಬಿಸಿಯಾಗಿತ್ತು, ಹಿಟ್ಟಿನ ಮುದ್ದೆಯ ಹಾಗೆ ಒತ್ತಿದ ಕಡೆ ಕುಳಿ ಬೀಳುತ್ತಿತ್ತು.

ಅವಳು ಮುಷ್ಟಿ ಬಿಗಿದು ಬಿಚ್ಚಿ ನೋಡಿದಳು.

"ಮಣಿಕಟ್ಟಿನ ಹತ್ರ ಮಡಚ್ಕೊಂಡಿದೆ. ಬಿಚ್ಚಿ ಮತ್ತೆ ಸುತ್ತಿ."

ಗಂಟಣ್ಣ ಬಿಚ್ಚಿ ಮತ್ತೆ ಸುತ್ತತೊಡಗಿದ.